ಚಿಕ್ಕಸೊಸೆಯ ನಡೆ

ಓದುವ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೋದಾಗ ಬೆಂಚಿನಲ್ಲಿದ್ದ ಮಕ್ಕಳು ನನ್ನನ್ನು ಪರೀಕ್ಷೆ ನೋಡಿಕೊಳ್ಳುವ ಮೇಷ್ಟ್ರು ಅಂತ ತಿಳಿದು ಎದ್ದು ನಿಂತಿದ್ದರು. ಇದನ್ನು ಫೋನಿನಲ್ಲಿ ಒಂದೇ ಬೆರಳಲ್ಲಿ ಒತ್ತುತ್ತಾ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿರುತ್ತದೆ, ಹೇಳಿದ್ದನ್ನೇ ಇನ್ನೊಂದು ಸಲ ಹೇಳಿರುತ್ತೇನೆ. ದಯವಿಟ್ಟು ಹೊಟ್ಟೆಗೆ ಹಾಕಿಕೊಂಡು ಓದಿ.

ನನ್ನ ಕೆಲಸ ಕುದುರೆ ಪಳಗಿಸುವುದು. ನಮ್ಮಪ್ಪ ಚನ್ನಪಟ್ಟಣದಲ್ಲಿ ಜಟಕಾ ಹೊಡೆಯುತ್ತಿದ್ದರು. ನನ್ನ ವಿಷಯ ಇಷ್ಟು ಸಾಕು. ನಾನು ಬರೆಯಬೇಕೆಂದಿರುವುದು ಮಾಗಡಿ ತಾಲ್ಲೂಕಿನ ಕಲ್ಯದ ಹತ್ತಿರ ಒಂದು ತೋಟದಲ್ಲಿ ಪಳಗಿಸಿದ ಒಂದು ಹೆಣ್ಣು ಕುದುರೆಯ ಬಗ್ಗೆ.

ಆ ತೋಟದ ಯಜಮಾನರಿಗೆ ಐವತ್ತು ದಾಟಿತ್ತು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆ. ಹುಡುಗುತನದಿಂದಲೂ ಅವರಿಗೆ ಕುದುರೆ ಹುಚ್ಚು. ಹಿಂದೆ ಅವರ ಹತ್ತಿರ ಇದ್ದ ಗಂಡು ಕುದುರೆ ಒಂದು ದಿನ ಹಳ್ಳದ ದಂಡೆಯಲ್ಲಿ ಬೆದರಿ ಅವರನ್ನು ಬಂಡೆಯ ಮೇಲೆ ಎಸೆದಿತ್ತು. ಅಂದಿನಿಂದ ಬೆನ್ನುಮೂಳೆಯ ತೊಂದರೆ, ಎಡಗಾಲು ಎಳೆದುಕೊಂಡು ನಡೆಯುತ್ತಿದ್ದರು. ಕುಲುಕಾಡುವ ಯಾವ ಸವಾರಿಯೂ ಬೇಡ, ಇನ್ನೊಂದು ಸಲ ಏಟು ಬಿದ್ದರೆ ಕಾಲಿನ ಸ್ವಾಧೀನವೇ ಹೋದೀತು ಎಂದು ಡಾಕ್ಟರು ಹೇಳಿದ್ದರು. ಇವರು ಕುದುರೆ ಮಾರಿದರು, ಜೀನು ಮಾತ್ರ ಮಾರಲಿಲ್ಲ.

ಆಮೇಲೆ ಯಾರೋ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರಂತೆ. ಉತ್ತರದ ಕಡೆಯ ಕುದುರೆ. ಸವಾರ ತುಂಬಿದ ಲೋಟ ಹಿಡಿದು ಕೂತಿದ್ದಾನೆ, ಕುದುರೆ ಜೋರಾಗಿ ಹೋಗುತ್ತಿದೆ, ನೀರು ತುಳುಕುತ್ತಿಲ್ಲ. ಆ ನಡೆಗೆ ಅಲ್ಲಿಯವರು ರೇವಾಲ್ ಅನ್ನುತ್ತಾರೆ. ಸಾಮಾನ್ಯ ಕುದುರೆ ಓಡುವಾಗ ಮುಂದಿನ ಎಡಗಾಲೂ ಹಿಂದಿನ ಬಲಗಾಲೂ ಹೀಗೆ ಓರೆಯಾಗಿ ಎರಡೆರಡು ಕಾಲು ಒಟ್ಟಿಗೆ ಊರುತ್ತವೆ, ಒಂದೊಂದು ಹೆಜ್ಜೆಗೂ ಸವಾರನ ಸೊಂಟಕ್ಕೆ ಕುಕ್ಕು ಬೀಳುತ್ತದೆ. ಅದು ಕುಕ್ಕುಲೋಟ. ರೇವಾಲಿನಲ್ಲಿ ನಾಲ್ಕು ಕಾಲೂ ಒಂದಾದ ಮೇಲೊಂದು ಬೇರೆಬೇರೆಯಾಗಿ ನೆಲ ಮುಟ್ಟುತ್ತವೆ. ಯಾವಾಗಲೂ ಒಂದಲ್ಲ ಒಂದು ಕಾಲು ನೆಲದ ಮೇಲಿರುವುದರಿಂದ ಬೆನ್ನು ಮೇಲೆ ಕೆಳಗೆ ಆಗುವುದಿಲ್ಲ.

ಯಜಮಾನರು ನನ್ನನ್ನು ಕರೆಸಿ ಇದನ್ನೆಲ್ಲ ಹೇಳಿದ ಮೇಲೆ ನಾನು ಕೇಳಿದೆ, "ಅಣ್ಣಾ, ಈ ಬೆನ್ನಲ್ಲಿ ಯಾಕೆ ಬೇಕು ನಿಮ್ಗೆ? ಬೈಕಿಗೆ ಮೂರು ಚಕ್ರ ಹಾಕ್ಸಿ, ತೋಟ ಸುತ್ತಿ."

"ನೆಲದ ಮೇಲೆ ನಾನು ಕುಂಟ ಕಣಯ್ಯಾ. ಕುದ್ರೆ ಮೇಲೆ ಕೂತ್ರೆ ಯಾರಿಗೆ ಗೊತ್ತಾಯ್ತದೆ?" ಅಂದರು. ನಗುತ್ತಲೇ ಅಂದರು. ಆಮೇಲೆ, "ಇದೊಂದು ನೋಡೋಣ. ಇದೂ ಆಗ್ನಿಲ್ಲ ಅಂದ್ರೆ ಜೀನನ್ನ ಯಾರಿಗಾರ ಕೊಟ್ಬುಡ್ತೀನಿ" ಅಂದರು.

ದೀಪಾವಳಿ ಕಳೆದ ಮೇಲೆ ಕುದುರೆ ಬಂತು. ಲಾರಿಯಿಂದ ಇಳಿದ ಕೂಡಲೇ ಅದರ ಸುತ್ತ ಒಂದು ಸುತ್ತು ಬಂದು ನೋಡಿದೆ. ಕಂದು ಬಣ್ಣ, ಒಳಕ್ಕೆ ಬಾಗಿ ತುದಿ ಕೂಡುವ ಕಿವಿ, ಉದ್ದ ಕುತ್ತಿಗೆ, ಎಲ್ಲ ಚೆನ್ನಾಗಿತ್ತು. ಆದರೆ ಪಕ್ಕೆಲುಬು ಎಣಿಸಬಹುದಿತ್ತು. ಬಾಯಿಯ ಎರಡು ಮೂಲೆಯೂ ಹರಿದು ಒಣಗಿ ಮತ್ತೆ ಹರಿದಿತ್ತು. ಜೊತೆಗೆ ಕೊಟ್ಟಿದ್ದ ಕಡಿವಾಣವನ್ನು ಕೈಯಲ್ಲಿ ಹಿಡಿದು ನೋಡಿದೆ, ಒಳಭಾಗದಲ್ಲಿ ಮುಳ್ಳು ಎದ್ದಿದ್ದವು. ಮೆರವಣಿಗೆಯಲ್ಲಿ ತಲೆ ಎತ್ತಿ ಕುಣಿಯಲಿ ಅಂತ ಅದನ್ನು ಹಾಕುತ್ತಿದ್ದರು ಅಂತ ಕಾಣುತ್ತದೆ.

ಯಜಮಾನರ ತಾಯಿ ಜಗಲಿಯ ಮೇಲೆ ನಿಂತಿದ್ದರು. ಎಲ್ಲರೂ ಅವ್ವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಗನ ಬೆನ್ನು ಮುರಿದ ಪ್ರಾಣಿಯ ಜಾತಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಬಂದ್ಲಾ ಮಾರಾಯ್ತಿ?" ಅಂದರು. "ಒಬ್ಬಳು ಸೊಸೆ ಮಾಗಡಿ ಇಸ್ಕೂಲ್ನಾಗೆ ಪಾಠ ಹೇಳಕ್ಕೆ ಹೋಯ್ತಾಳೆ. ಇನ್ನೊಬ್ಬಳು ಬಡಗಲಿಂದ ಲಾರೀಲಿ ಬಂದವ್ಳೆ. ಚಿಕ್ಕಸೊಸೆ! ಅಡುಗೆ ಮಾಡ್ತಾಳೇನ್ಲಾ ಇವ್ಳು?"

"ಅವ್ವಾ, ಒಸಿ ಸುಮ್ಕಿರವ್ವಾ" ಅಂದರು ಯಜಮಾನರು.

"ನನ್ಗೇನಪ್ಪಾ. ನಿನ್ನ ಸೊಂಟ, ನಿನ್ನ ಕುದ್ರೆ. ನಾನು ಅದ್ರ ಕೊಟ್ಟಿಗೆ ಕಡೆ ತಲೆ ಹಾಕಿ ಮಲಗಾಕಿಲ್ಲ." ಇಷ್ಟು ಹೇಳಿ ಒಳಗೆ ಹೋದರು. ಹೆಸರು ಮಾತ್ರ ಹಾಗೇ ನಿಂತುಬಿಟ್ಟಿತು. ಕುದುರೆಗೆ ಚಿಕ್ಕಸೊಸೆ ಅನ್ನುವುದೇ ಹೆಸರಾಯಿತು.

ಹೊಸ ಕುದುರೆ ಬಂದ ತಕ್ಷಣ ಜೀನು ಬಿಗಿಯುವವರು ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಮೊದಲು ಅದು ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ, ಯಾವುದಕ್ಕೆ ಕಿವಿ ನಿಮಿರಿಸುತ್ತದೆ ಅಂತ ನೋಡಬೇಕು. ಚಿಕ್ಕಸೊಸೆ ನಮ್ಮ ಬೋರ್‌ವೆಲ್ ನೀರು ಮೂಸಿ ಮುಖ ತಿರುಗಿಸಿತು. ಬಕೆಟ್ಟಿಗೆ ಒಂದು ಚೂರು ಬೆಲ್ಲ ಕದಡಿ ಕೊಟ್ಟೆ, ಕುಡಿಯಿತು. ದಿನದಿನಕ್ಕೂ ಬೆಲ್ಲ ಕಡಿಮೆ ಮಾಡುತ್ತಾ ಬಂದೆ. ಹುರುಳಿ ಬೇಯಿಸಿ ಆರಿಸಿ ಬೂಸಾದ ಜೊತೆ ಕೊಟ್ಟೆ. ಬಾಯಿಯ ಗಾಯಕ್ಕೆ ಬೆಳಗ್ಗೆ ಸಂಜೆ ಉಪ್ಪುನೀರು, ಮೇಲೆ ಬೆಣ್ಣೆ. ಎಡಗಡೆಯಿಂದ ಯಾರಾದರೂ ಕೈ ಎತ್ತಿದರೆ ತಲೆಯನ್ನು ಆಕಾಶಕ್ಕೆ ಎಸೆಯುತ್ತಿತ್ತು. ಅದಕ್ಕೇ ನಾನು ಬಲಗಡೆಯಿಂದ ಹೋಗಿ, ಭುಜ ತಿಕ್ಕಿ, ಕೈಯನ್ನು ಎತ್ತದೆ ಮೈಮೇಲೇ ಜಾರಿಸಿಕೊಂಡು ಕಿವಿ ಮುಟ್ಟುವುದನ್ನು ಅಭ್ಯಾಸ ಮಾಡಿಸಿದೆ. ಕಿವಿಯ ಬುಡ ಕೆರೆಯಲು ಬಿಟ್ಟ ದಿನ ಕುದುರೆ ಕಣ್ಣು ಮುಚ್ಚಿ ನನ್ನ ಹೆಗಲ ಮೇಲೆ ಗದ್ದ ಇಟ್ಟಿತು. ಅದರ ಭಾರ ಇವತ್ತಿಗೂ ಆ ಹೆಗಲಿಗೆ ಗೊತ್ತು.

ಗಾಯ ಮಾಯುವವರೆಗೆ ಬಾಯಿಗೆ ಕಬ್ಬಿಣ ಮುಟ್ಟಿಸಲಿಲ್ಲ. ಮಾದ ಮೇಲೆ ನಡುವೆ ಕೀಲಿರುವ ನುಣುಪು ಕಡಿವಾಣ ಹಾಕಿ ಸವಾರಿ ಶುರು ಮಾಡಿದೆ.

ರೇವಾಲ್ ಎಲ್ಲಿ? ಎಲ್ಲೂ ಇಲ್ಲ. ಮೊದಲ ವಾರ ಗಾಬರಿಯಲ್ಲಿ ಒಂದೇ ಪಕ್ಕದ ಎರಡು ಕಾಲನ್ನು ಒಟ್ಟಿಗೆ ಹಾಕುತ್ತಿತ್ತು. ಕುಕ್ಕು ಇಲ್ಲ ನಿಜ, ಆದರೆ ಸೊಂಟ ಎಡಕ್ಕೂ ಬಲಕ್ಕೂ ತೆಪ್ಪದ ಹಾಗೆ ತೂಗುತ್ತದೆ. ಬೆನ್ನು ಕೆಟ್ಟವರಿಗೆ ಅದೂ ಆಗದು. ಗಾಬರಿ ಇಳಿದು ಕುತ್ತಿಗೆ ಸಡಿಲವಾದ ಮೇಲೆ ಶುದ್ಧ ಕುಕ್ಕುಲೋಟ. ನಮ್ಮಪ್ಪನ ಜಟಕಾಕ್ಕೆ ಕಟ್ಟಿದ್ದರೆ ರೈಲ್ವೆ ಸ್ಟೇಷನ್ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತಿತ್ತು, ಅಂಥ ಓಟ. ಮುಳ್ಳಿನ ಕಡಿವಾಣದ ಜೊತೆ ರೇವಾಲೂ ಹೋಯಿತೇನೋ, ನೋವಿಲ್ಲದೆ ಆ ನಡೆ ಬರುವುದೇ ಇಲ್ಲವೇನೋ ಅಂತ ನನಗೆ ಚಿಂತೆ ಹತ್ತಿತು.

ಯಜಮಾನರು ಜಗಲಿಯಿಂದ ದಿನಾ ನೋಡುತ್ತಿದ್ದರು. ಒಂದು ಬೆಳಗ್ಗೆ ನಾನು ಜೀನು ಬಿಗಿದು ನೀರು ತರಲು ಹೋಗಿದ್ದಾಗ ಅವರೇ ಕಲ್ಲುಬೆಂಚು ಹತ್ತಿ ಕುದುರೆಯ ಮೇಲೆ ಕೂತುಬಿಟ್ಟರು. ಭಯಕ್ಕೆ ಮೊಣಕಾಲು ಬಿಗಿ ಹಿಡಿದರು. ಕುದುರೆ ಅದನ್ನು ಓಡು ಅಂತ ತಿಳಿಯಿತು. ಅಂಗಳದ ಆಚೆ ತುದಿವರೆಗೆ ಕುಕ್ಕುಲೋಟ. ನಾನು ಹಿಡಿದು ನಿಲ್ಲಿಸುವಷ್ಟರಲ್ಲಿ ಅವರ ಮುಖ ಬೂದಿಯಾಗಿತ್ತು. ಇಳಿಸಿದರೆ ಎಡಗಾಲು ನೆಲಕ್ಕೆ ಊರಲಿಲ್ಲ. ಬಹಳ ದಿನ ಹಾಸಿಗೆ ಹಿಡಿದರು.

ಅವ್ವ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಾಫಿ ಲೋಟ ತಂದಿಟ್ಟು, "ಕಳ್ಸ್‌ಬುಡಪ್ಪಾ ಇದನ್ನ. ಒಬ್ಬನೇ ಮಗ ನನ್ಗೆ" ಅಂದರು.

"ಉಗಾದಿ ಗಂಟ ಬುಡವ್ವಾ. ಆಗ್ನಿಲ್ಲ ಅಂದ್ರೆ ನಾನೇ ಲಾರಿ ಹತ್ತಿಸ್ತೀನಿ."

ಅಂದು ಮಧ್ಯಾಹ್ನ ಕೂತು ಯೋಚನೆ ಮಾಡಿದೆ. ನನಗೆ ಗೊತ್ತಿದ್ದ ದಾರಿಯೆಲ್ಲ ಜಟಕಾದ ದಾರಿ. ಸಮನಾದ ಓಟ ಬರಿಸುವುದೇ ನಮ್ಮ ಮನೆಯ ವಿದ್ಯೆ. ಇಲ್ಲಿ ಬೇಕಾದ್ದು ಅದಲ್ಲ. ಮೇಲೆ ಕೂತು ರೇವಾಲ್ ಕೇಳಿದಾಗಲೆಲ್ಲ ನನ್ನ ಮೈಯೇ ಅದಕ್ಕೆ ಕುಕ್ಕುಲೋಟ ಕಲಿಸುತ್ತಿದೆ ಅನ್ನಿಸಿತು. ಸವಾರಿ ಪೂರ್ತಿ ನಿಲ್ಲಿಸಲು ನಿರ್ಧಾರ ಮಾಡಿದೆ. ಗುಡೇಮಾರನಹಳ್ಳಿಯಿಂದ ಲಾಳ ಕಟ್ಟುವವರನ್ನು ಕರೆಸಿ, ಭಾರದ ಲಾಳ ಬಿಚ್ಚಿಸಿ, ಉದ್ದ ಬೆಳೆದಿದ್ದ ಗೊರಸಿನ ತುದಿ ಕೆತ್ತಿಸಿದೆ. ಬರಿಗಾಲಲ್ಲಿ, ಕಡಿವಾಣ ಇಲ್ಲದೆ, ಬರೀ ಹಗ್ಗ ಹಿಡಿದು ದಿನಾ ಕೆರೆ ಏರಿಯ ಮೇಲೆ ನಡೆಸಿದೆ. ಓಟವೇ ಇಲ್ಲ. ನಾನೆಷ್ಟು ಬಿರುಸಾಗಿ ನಡೆಯುತ್ತೇನೋ ಅಷ್ಟೇ. ದಾರಿಯಲ್ಲಿ ಸಿಕ್ಕಿದವರು ಹಾಸ್ಯ ಮಾಡುತ್ತಿದ್ದರು.

"ಏನ್ಲಾ, ಕುದ್ರೆ ಇಟ್ಕಂಡು ನಡ್ಕಂಡು ಹೋಯ್ತಿದ್ದೀಯಲ್ಲ! ಯಾರು ಯಾರನ್ನ ಪಳಗಿಸ್ತಾವ್ರೆ?"

ಏರಿ ಮುಗಿದ ಕಡೆ ಕಾಲುದಾರಿ ನಿಧಾನವಾಗಿ ಇಳಿಜಾರಾಗುತ್ತದೆ, ಗಟ್ಟಿ ಕೆಮ್ಮಣ್ಣು. ಒಂದು ದಿನ ಅಲ್ಲಿ ಇಳಿಯುವಾಗ ಮೋಡ ಕಟ್ಟಿ ಹನಿ ಶುರುವಾಯಿತು, ನಾನು ಹೆಜ್ಜೆ ಬಿರುಸು ಮಾಡಿದೆ, ಕುದುರೆ ಕುಕ್ಕುಲೋಟಕ್ಕೆ ಬಿತ್ತು. ಹಿಂದಿನಿಂದ ಬರುತ್ತಿದ್ದ ಗೊರಸಿನ ಸದ್ದು ಬದಲಾಯಿತು. ಟಕ್ ಟಕ್ ಅಂತ ಎರಡಾಗಿ ಬರುತ್ತಿದ್ದದ್ದು ಒಡೆದು ನಾಲ್ಕಾಯಿತು. ಬಾಣಲೆಯಲ್ಲಿ ಹುರುಳಿ ಸಿಡಿದ ಹಾಗೆ, ಒಂದರ ಹಿಂದೆ ಒಂದು, ಸಮನಾಗಿ. ತಿರುಗಿ ನೋಡಿದೆ. ಕುದುರೆಯ ತಲೆ ಒಂದು ಸ್ವಲ್ಪ ಮೇಲೆ, ಬೆನ್ನು ಹಲಗೆಯ ಹಾಗೆ ಅಲುಗದೆ, ಕಾಲು ಮಾತ್ರ ಕೆಳಗೆ ಹರಿಯುತ್ತಿವೆ. ನಾನು ಕಂಡೆ ಅಂತ ಗೊತ್ತಾದ ಕೂಡಲೇ ನಿಂತುಬಿಟ್ಟಿತು. ಕಿವಿಯ ಬುಡ ಕೆರೆದು, ಜೇಬಿನಲ್ಲಿದ್ದ ಬೆಲ್ಲ ಕೊಟ್ಟು ಮನೆಗೆ ಕರೆದುಕೊಂಡು ಬಂದೆ. ಅಂದಿನ ಕೆಲಸ ಅಲ್ಲಿಗೇ ಮುಗಿಸಿದೆ.

ಆಮೇಲೆ ದಿನಾ ಅದೇ ಇಳಿಜಾರು. ನಾಲ್ಕು ಸದ್ದು ಬಂದಾಗಲೆಲ್ಲ "ಹಾಂ, ಹಂಗೆ" ಅನ್ನುತ್ತಿದ್ದೆ, ಎರಡಾದ ಕೂಡಲೇ ನಡಿಗೆಗೆ ಇಳಿಸುತ್ತಿದ್ದೆ. ಬೈಗುಳ ಇಲ್ಲ, ಚಾಟಿ ಇಲ್ಲ. "ಹಾಂ, ಹಂಗೆ" ಅನ್ನುವ ಮಾತು ಅದಕ್ಕೆ ಅರ್ಥವಾದ ಮೇಲೆ ಜೀನು ಹಾಕಿ ಮೇಲೆ ಕೂತೆ. ಜಟಕಾದವನ ಮೈಯನ್ನು ನಾನು ಮರೆಯಬೇಕಾಯಿತು. ಕಾಲಿಡುವ ರಿಕಾಪಿನ ಮೇಲೆ ಏಳುವ ಹಾಗಿಲ್ಲ. ಹಿಂದಕ್ಕೆ ಸರಿದು ಗಟ್ಟಿಯಾಗಿ ಕೂರುವುದು, ಎಡ ಲಗಾಮು ಒಂದು ಬೆರಳು ಎತ್ತುವುದು, ಬಿಡುವುದು, ಬಲ ಲಗಾಮು ಒಂದು ಬೆರಳು, ಬಿಡುವುದು. ಕಾಲಿಂದ ಮುಂದೆ ಹೋಗು ಅನ್ನುವುದು, ಕೈಯಿಂದ ಅವಸರ ಬೇಡ ಅನ್ನುವುದು. ಅದು ಕೆಡುವುದಕ್ಕೆ ಮುಂಚೆ ನಾನೇ ನಿಲ್ಲಿಸಬೇಕು. ಇಳಿಜಾರಿನಲ್ಲಿ ಬಂದದ್ದು ಸಮನೆಲದಲ್ಲಿ ಬರಲು ಬಹಳ ದಿನ ಹಿಡಿಯಿತು. ಒಂದು ದಿನ ಬರುತ್ತಿತ್ತು, ಮಾರನೇ ದಿನ ಹುಟ್ಟಿದಾಗಿನಿಂದ ಕೇಳೇ ಇಲ್ಲವೇನೋ ಅನ್ನುವ ಹಾಗೆ ಇರುತ್ತಿತ್ತು.

ಈ ನಡುವೆ ಅವ್ವನಲ್ಲೂ ಏನೋ ಆಗುತ್ತಿತ್ತು. ಕುದುರೆಯ ಕೊಟ್ಟಿಗೆ ಹಸುಗಳ ಕೊಟ್ಟಿಗೆಗೆ ಅಂಟಿಕೊಂಡಿತ್ತು. ಹಾಲು ಕರೆಯಲು ಬರುವಾಗ ಅವ್ವ ಬೈದುಕೊಂಡೇ ಬರುತ್ತಿದ್ದರು. ಅವರ ದನಿ ಕೇಳಿದರೆ ಕುದುರೆ ಗೊರಗೊರ ಅನ್ನುತ್ತಿತ್ತು.

"ನೋಡ್ಲಾ ಇವ್ಳ! ಅತ್ತೆ ಬಯ್ದ್ರೆ ನಗ್ತಾಳೆ" ಅಂದರು ಒಂದು ದಿನ. ಇನ್ನೊಂದು ದಿನ ಗೋಡೆಯ ಈಚೆ ನಿಂತು, ತೋಟದಿಂದ ಆಗ ತಾನೇ ಕೊಯ್ದು ತಂದ ಹಿಪ್ಪುನೇರಳೆಯ ಒಂದು ಹಿಡಿ ಎಳೆ ಸೊಪ್ಪು ತೋರಿಸಿ ಕೇಳಿದರು, "ಇದನ್ನ ತಿಂದದಾ? ಕೊಡ್ಬೌದಾ?"

"ಕೊಡವ್ವಾ, ಸೊಪ್ಪು ಒಳ್ಳೇದೇಯ" ಅಂದೆ. ಹೆದರಿಕೊಂಡು ಕೈ ಚಾಚಿದರು. ಚಿಕ್ಕಸೊಸೆ ತುಟಿಯಲ್ಲೇ ಒಂದೊಂದು ಎಲೆ ಎಳೆದುಕೊಂಡಿತು.

"ಅಯ್ಯೋ, ತುಟಿ ನೋಡು, ರೇಷ್ಮೆ ಇದ್ದಂಗೈತೆ!" ಅಂದರು, ಕೈಯನ್ನು ಸೆರಗಿಗೆ ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಆ ಒಂದು ಹಿಡಿ ಸೊಪ್ಪು ದಿನದ ಪದ್ಧತಿಯಾಯಿತು.

ಯಜಮಾನರು ಎದ್ದು ಓಡಾಡುವಂತಾದ ಮೇಲೆ ಅವರನ್ನು ಪಳಗಿಸುವ ಕೆಲಸ ಶುರುವಾಯಿತು. ಹಳೇ ಡ್ರಮ್ಮಿಗೆ ಜೀನು ಬಿಗಿದು ಅದರ ಮೇಲೆ ಕೂರಿಸಿ, ಮೊಣಕಾಲು ಸಡಿಲ ಬಿಡುವುದನ್ನು ಕಲಿಸಿದೆ.

"ಬುಡಿ ಅಣ್ಣಾ, ಡ್ರಮ್ಮು ಓಡಿಹೋಗಾಕಿಲ್ಲ" ಅಂದರೆ, "ನಿಮ್ಮ ಡ್ರಮ್ಮು ನೆಚ್ಕಬೌದು ಮೇಷ್ಟ್ರೇ, ನನ್ನ ಮೊಣಕಾಲ್ನ ನೆಚ್ಚಂಗಿಲ್ಲ" ಅನ್ನುವರು. ಕುದುರೆ ಮೇಷ್ಟ್ರು ಅಂತಲೇ ಕರೆಯಲು ಶುರು ಮಾಡಿದ್ದರು. ಶಾಲೆಗೆ ಅಷ್ಟು ತಡವಾಗಿ ಹೋದವನಿಗೆ ಆ ಮಾತು ಕೇಳಿದರೆ ಒಳಗೆ ಖುಷಿಯಾಗುತ್ತಿತ್ತು. ಆಮೇಲೆ ಕುದುರೆಯ ಮೇಲೆ, ನಾನು ಹಗ್ಗ ಹಿಡಿದು, ಬರೀ ನಡಿಗೆ.

ಉಗಾದಿ ಬಂದು ಹೋಯಿತು, ಲಾರಿಯ ಮಾತನ್ನು ಅವ್ವ ಎತ್ತಲೇ ಇಲ್ಲ. ಅದಾಗಿ ಸ್ವಲ್ಪ ದಿನಕ್ಕೆ, ಹುಳ ಕೊನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ದಾಟಿ ಸೊಪ್ಪು ಮುಕ್ಕುವ ಹೊತ್ತು. ಮನೆಯವರೆಲ್ಲ ಹುಳದ ಮನೆಯಲ್ಲೇ ಇದ್ದರು. ಸಂಜೆ ಬಿಸಿಲು ಇಳಿದಿತ್ತು. ಯಜಮಾನರನ್ನು ಕಲ್ಲುಬೆಂಚಿನಿಂದ ಹತ್ತಿಸಿ, ಅಂದು ಮೊದಲ ಸಲ ನಾನು ಹಗ್ಗ ಬಿಚ್ಚಿದೆ.

ಅವ್ವ ಹೊರಗೆ ಬಂದರು. ಕೈಯಲ್ಲಿ ತುಂಬಿದ ಮಜ್ಜಿಗೆ ಲೋಟ. "ತುಳುಕಾಕಿಲ್ಲ ಅಂತ ಹೇಳ್ತಿದ್ರಲ್ಲ. ತಗ, ಹಿಡ್ಕ. ನೋಡೇ ಬುಡೋಣ" ಅಂತ ಮಗನ ಕೈಗೆ ಕೊಟ್ಟರು.

"ಅವ್ವಾ, ನನ್ನ ಕೈಯೇ ನಡುಗ್ತದೆ."

"ನಿನ್ನ ಕೈಗಲ್ಲ ಕಣ್ಲಾ, ಚಿಕ್ಕಸೊಸೆಗೆ ಪರೀಕ್ಷೆ."

ಯಜಮಾನರು ಹಿಂದಕ್ಕೆ ಕೂತರು, ಲಗಾಮು ಒಂದು ಬೆರಳು ಎತ್ತಿದರು. ನಡಿಗೆ ಬಿರುಸಾಯಿತು, ಇನ್ನೂ ಬಿರುಸಾಯಿತು, ಸದ್ದು ಒಡೆದು ನಾಲ್ಕಾಯಿತು. ತೋಟದ ದಾರಿಯಲ್ಲಿ ಹುಣಸೆಮರದವರೆಗೆ ಹೋದರು. ತಿರುಗಿ ಬರುವಾಗ ಅವರ ಮುಖ ಕಾಣಿಸಿತು. ನೇರವಾಗಿ ಕೂತಿದ್ದರು. ಕುಂಟು ಎಲ್ಲೂ ಇರಲಿಲ್ಲ. "ಹಾಂ, ಹಂಗೆ" ಅಂತ ಕೂಗಿದೆ.

ಅವ್ವ ಲೋಟ ಈಸಿಕೊಂಡು ಮೊದಲು ಮಗನ ತೋಳು ಒದ್ದೆಯಾಗಿದೆಯೇ ಅಂತ ಮುಟ್ಟಿ ನೋಡಿದರು. ಲೋಟದ ಅಂಚಿನಿಂದ ಎರಡು ಎಳೆ ಮಾತ್ರ ಇಳಿದಿತ್ತು. ಲೋಟ ಕೆಳಗಿಟ್ಟು ಕುದುರೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಸವರಿದರು. ಉಪ್ಪು ಮೆಣಸಿನಕಾಯಿ ತಂದು ಇಬ್ಬರಿಗೂ ದೃಷ್ಟಿ ತೆಗೆದರು. ಅಂಗಳಕ್ಕೆಲ್ಲ ಘಾಟು ತುಂಬಿ ನಾವೆಲ್ಲ ಕೆಮ್ಮಿದೆವು, ಕುದುರೆಯೂ ಸೀನಿತು. ಅವ್ವ ನಕ್ಕರು. ಅವರು ಹಾಗೆ ನಕ್ಕದ್ದನ್ನು ಕಂಡು ಎಷ್ಟು ವರ್ಷ ಆಯ್ತೋ ಅಂದರು ಯಜಮಾನರು.

ಇನ್ನು ಮುಂದಿನದು ಬರೆಯುವುದು ಕಷ್ಟ.

ಅದಾಗಿ ಕೆಲವೇ ದಿನಕ್ಕೆ ಹುಳ ಹಣ್ಣಾಯಿತು. ಹಣ್ಣಾಗುವುದು ಅಂದರೆ ಹುಳ ಸೊಪ್ಪು ಬಿಟ್ಟು ಗೂಡು ಕಟ್ಟಲು ತಯಾರಾಗುವುದು. ಆಗ ಅವನ್ನು ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಹುಳ ಮೇಯಿಸುವ ತಟ್ಟೆಯಲ್ಲಿ ಉಳಿಯುವ ಸೊಪ್ಪು, ಕಡ್ಡಿ, ಹಿಕ್ಕೆ ಎಲ್ಲ ದನಕ್ಕೆ. ನಮ್ಮ ಸೀಮೆಯ ಹುಳದ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಮನೆಯಲ್ಲಿ ಇದಕ್ಕೊಂದು ನೇಮವೇ ಇತ್ತು. ಹುಳ ಹಣ್ಣಾದ ದಿನ ಮನೆಯ ಪ್ರತಿಯೊಂದು ದನಕ್ಕೂ ಅವ್ವನೇ ಕೈಯಾರೆ ಪಾಲು ಹಾಕಬೇಕು, ಒಂದನ್ನೂ ಬಿಡುವ ಹಾಗಿಲ್ಲ.

ಅಂದು ಬೆಳಗ್ಗೆ ನಾನು ಲಾಳದವರನ್ನು ನೋಡಲು ಗುಡೇಮಾರನಹಳ್ಳಿಗೆ ಹೋಗಿದ್ದೆ. ಹಗುರವಾದ ಲಾಳ ಮಾಡಿಸುವುದಿತ್ತು. ವಾಪಸು ಬರುವಾಗ ಅವ್ವ ಖಾಲಿ ಮಂಕರಿ ಹಿಡಿದು ಎದುರಿಗೇ ಸಿಕ್ಕಿದರು. ತಲೆಯ ತುಂಬ ಎಲೆಯ ಚೂರು, ಮುಖದ ತುಂಬ ನಗು.

"ಹುಳ ಹಣ್ಣಾಯ್ತು ಕಣಪ್ಪಾ! ಎಲ್ಲಾರ್ಗೂ ಪಾಲು ಹಾಕ್ದೆ. ಚಿಕ್ಕಸೊಸೆಗೆ ಎರಡು ಮಂಕ್ರಿ. ಅವಳೂ ಮನೆಯವ್ಳೇ ಅಲ್ವಾ? ಹೊಸಬಳು ಅಂತ ಒಂದು ಜಾಸ್ತಿನೇ ಹಾಕ್ದೆ."

ನನಗೆ ಕೊಟ್ಟಿಗೆಯವರೆಗೆ ನಡೆದದ್ದು ನೆನಪಿಲ್ಲ. ಮೇವಿನ ತೊಟ್ಟಿಯಲ್ಲಿ ಬರೀ ಕಡ್ಡಿ ಉಳಿದಿತ್ತು. ಹಿಂದಿನ ದಿನದಿಂದ ಗುಡ್ಡೆ ಬಿದ್ದಿದ್ದ ಸೊಪ್ಪಿನದು, ಕಡ್ಡಿ ಇನ್ನೂ ಬೆಚ್ಚಗಿತ್ತು, ಹುಳಿ ವಾಸನೆ. ಹುಳಕ್ಕೆ ರೋಗ ಬರಬಾರದು ಅಂತ ಉದುರಿಸುವ ಸುಣ್ಣ, ಔಷಧಿ ಪುಡಿ ಕಡ್ಡಿಗೆಲ್ಲ ಬೆಳ್ಳಗೆ ಅಂಟಿತ್ತು. ಚಿಕ್ಕಸೊಸೆ ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಮುಂಗಾಲಿಂದ ನೆಲ ಕೆರೆಯಿತು. ಹೊಟ್ಟೆಗೆ ಕಿವಿ ಕೊಟ್ಟೆ, ಸದಾ ಗುಡುಗುಡು ಅನ್ನಬೇಕಾದ ಕಡೆ ಸದ್ದೇ ಇಲ್ಲ.

ದನಗಳ ಡಾಕ್ಟರು ಬೇಗನೇ ಬಂದರು. ಅಷ್ಟರವರೆಗೆ ಮಲಗಲು ಬಿಡದೆ ನಡೆಸುತ್ತಲೇ ಇದ್ದೆ. ನೋವಿಗೆ ಸೂಜಿ ಕೊಟ್ಟರು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು, ಹಸಿರು ಹುಳಿನೀರು ಹೊರಗೆ ಬಂತು.

"ಏನು ತಿಂತು ಇದು?" ಅಂದರು. ಅವ್ವ ಬಾಗಿಲಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಬಕೆಟ್ಟು ತರುವ ನೆವದಲ್ಲಿ ಡಾಕ್ಟರನ್ನು ಗೋಡೆಯ ಹಿಂದಕ್ಕೆ ಕರೆದು ಇದ್ದದ್ದು ಹೇಳಿದೆ. ಅವರು ಬಾಗಿಲ ಕಡೆ ಒಂದು ಸಲ ನೋಡಿದರು. ದನಿ ತಗ್ಗಿಸಿ, "ದನಕ್ಕೆ ಇರೋ ಹೊಟ್ಟೆನೇ ಬೇರೆ ಕಣ್ರೀ, ಅದು ಅರಗಿಸ್ಕೊಳ್ಳುತ್ತೆ. ಕುದುರೆಗೆ ಆಗಲ್ಲ. ವಾಂತಿ ಮಾಡೋಕೂ ಬರಲ್ಲ ಇದಕ್ಕೆ" ಅಂದರು.

ಎಣ್ಣೆ ಹಾಕಿದರು, ಬಾಟಲಿಗಟ್ಟಲೆ ಗ್ಲೂಕೋಸ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಒಸಡು ನೀಲಿಗೆ ತಿರುಗಿತು, ಮೈಯೆಲ್ಲ ಬೆವರು. ಡಾಕ್ಟರು ಕೈ ಹಾಕಿ ಒಳಗೆ ನೋಡಿ, ಕರುಳು ತಿರುಚಿಕೊಂಡಿದೆ ಅಂದರು. ಆಪರೇಷನ್ನಿಗೆ ಬೆಂಗಳೂರಿಗೆ ಒಯ್ಯಬೇಕು. ಫೋನ್ ಮಾಡಿದರು, ಲಾರಿಯೂ ಬಂತು. ಚಿಕ್ಕಸೊಸೆ ಅಂಗಳದ ಅರ್ಧಕ್ಕೆ ಬಂದು ಮಲಗಿಬಿಟ್ಟಿತು. ಏಳಿಸಿದೆವು, ಮತ್ತೆ ಮಲಗಿತು. ಉರುಳಾಡುವುದಕ್ಕೂ ಶಕ್ತಿ ಉಳಿದಿರಲಿಲ್ಲ.

"ದಾರೀಲಿ ಹೋಗಿಬಿಡುತ್ತೆ. ನೀವು ಹ್ಞೂಂ ಅಂದ್ರೆ ಇಲ್ಲೇ ನೋವಿಲ್ದಂಗೆ ಸೂಜಿ ಕೊಡ್ತೀನಿ" ಅಂದರು ಡಾಕ್ಟರು.

ಯಜಮಾನರು ಬೆನ್ನು ಬಾಗದಿದ್ದರೂ ಹೇಗೋ ನೆಲಕ್ಕೆ ಕೂತರು. ಕುದುರೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಹ್ಞೂಂ ಅಂತ ತಲೆ ಆಡಿಸಿದರು, ಡಾಕ್ಟರು ಸೂಜಿ ಹಾಕಿದರು. ನಾನು ಕಿವಿಯ ಬುಡ ಕೆರೆಯುತ್ತಿದ್ದೆ. ಕಣ್ಣು ಮುಚ್ಚಿತು. ಕಿವಿ ಕೆರೆದದ್ದಕ್ಕೋ ಸೂಜಿಗೋ ನನಗೆ ತಿಳಿಯಲಿಲ್ಲ.

ಅವರನ್ನು ಎತ್ತಿ ನಿಲ್ಲಿಸುವಾಗ ನನ್ನ ಕಿವಿಯ ಹತ್ತಿರ ಹೇಳಿದರು, "ತೊಟ್ಟಿ ತೊಳ್ದ್‌ಬುಡು ಮೇಷ್ಟ್ರೇ."

ಅವರೂ ತೊಟ್ಟಿಯ ಕಡ್ಡಿ ನೋಡಿದ್ದರು.

"ಕರುಳು ತಿರುಚ್ಕಂತು ಅಂತ ಹೇಳು. ಕೇಳ್ದೋರಿಗೆಲ್ಲ ಅಷ್ಟೇಯ. ಸುಳ್ಳೇನಲ್ಲವಲ್ಲ. ಅವ್ವ ಇದನ್ನ ಹೊತ್ಕಂಡು ಬದುಕಾಕಿಲ್ಲ."

ತೊಟ್ಟಿಯ ಕಡ್ಡಿ ಬಾಚಿ ಒಲೆಗೆ ಹಾಕಿದೆ, ಮೂರು ಸಲ ನೀರು ಹಾಕಿ ತಿಕ್ಕಿದೆ. ತೋಟದ ಅಂಚಿನಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿದೆವು. ಮೇಲೆ ಹಾಕಲು ಉಪ್ಪು, ಸುಣ್ಣ ಬೇಕಿತ್ತು. ಸುಣ್ಣದ ಮೂಟೆ ಹುಳದ ಮನೆಯಲ್ಲೇ ಇತ್ತು, ಅಲ್ಲಿಂದಲೇ ಹೊತ್ತು ತಂದೆ.

ಕಾರ್ಯವೆಲ್ಲ ಮುಗಿದು ನಾನು ಊರಿಗೆ ಹೊರಟ ದಿನ, ಚೀಲ ಹೆಗಲಿಗೆ ಹಾಕಿಕೊಂಡು ಹೇಳಿಹೋಗಲು ಅವ್ವನ ಹತ್ತಿರ ಹೋದೆ. ಖಾಲಿ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದರು. ಒಂದು ಹಿಡಿ ಸೊಪ್ಪು ಮಡಿಲಲ್ಲೇ ಬಾಡುತ್ತಿತ್ತು.

"ದೃಷ್ಟಿ ತಗುಲ್ತು ಕಣಪ್ಪಾ. ನಾನು ಸರಿಯಾಗಿ ತೆಗೀಲಿಲ್ಲ" ಅಂದರು.

"ಹಂಗೇನಿಲ್ಲವ್ವಾ. ಕರುಳು ತಿರುಚ್ಕಂತು. ಕುದ್ರೆಗೆ ಆಗ್ತದೆ ಅದು."

ಸೊಪ್ಪನ್ನು ಬೆರಳಲ್ಲಿ ನೇವರಿಸುತ್ತಾ ಇದ್ದರು. "ಒಂದೇ ಒಂದು ಸಮಾಧಾನ ನನ್ಗೆ. ಬಂದ ದಿನ ನೀರೂ ಕೊಡ್ದೆ ಬಯ್ದಿದ್ದೆ. ಹೋಗೋ ದಿನ ಹಸ್ಕಂಡು ಹೋಗ್ಲಿಲ್ಲ. ನನ್ನ ಕೈಯಿಂದ ಹೊಟ್ಟೆ ತುಂಬ ತಿಂದ್ಕಂಡು ಹೋದ್ಲು. ಅಲ್ವೇನಪ್ಪಾ?"

"ಹೌದವ್ವಾ" ಅಂದೆ.

ಅವ್ವ ಹೋದ ಮಳೆಗಾಲದಲ್ಲಿ ತೀರಿಕೊಂಡರು, ಆ ಸಮಾಧಾನ ಇಟ್ಟುಕೊಂಡೇ. ಯಜಮಾನರು ಮತ್ತೆ ಕುದುರೆ ಹತ್ತಲಿಲ್ಲ. ಜೀನು ಮಾತ್ರ ಕೊಟ್ಟಿಗೆಯ ಗೂಟದಲ್ಲೇ ಇದೆ, ಅವ್ವ ಇದ್ದಷ್ಟು ದಿನ ಅದರ ಧೂಳು ಹೊಡೆಯುತ್ತಿದ್ದರಂತೆ. "ಈಗ ಬರೀರಿ ಮೇಷ್ಟ್ರೇ, ಇನ್ನೊಬ್ರ ಮನೇಲಿ ಹಿಂಗಾಗೋದು ಬ್ಯಾಡ" ಅಂತ ಅವರೇ ಫೋನು ಮಾಡಿದರು. ಅದಕ್ಕೇ ಬರೆದೆ. ಹುಳದ ಮನೆ ಇರುವ ಕಡೆ ಕುದುರೆ ಕಟ್ಟಿದ್ದರೆ, ತಟ್ಟೆಯ ಕಸ ಅದರ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಮನೆಯ ಹಿರಿಯರಿಗೆ ಮೊದಲೇ, ಬಿಡಿಸಿ ಹೇಳಿ. ನಾನು ಸೊಪ್ಪು ಒಳ್ಳೆಯದು ಅಂತ ಮಾತ್ರ ಹೇಳಿದ್ದೆ, ತಟ್ಟೆಯ ಕಸ ಬೇಡ ಅಂತ ಹೇಳಿರಲಿಲ್ಲ.

ಕುದುರೆಯೋ, ಹಸುವೋ, ನಾಯಿಯೋ, ಪ್ರೀತಿಯಿಂದ ಕೊಟ್ಟದ್ದರಿಂದಲೇ ನಿಮ್ಮ ಮನೆಯಲ್ಲೂ ಒಂದು ಜೀವ ಹೋಗಿರಬಹುದು. ಕೊಟ್ಟವರಿಗೆ ನೀವು ಹೇಳಿದಿರಾ, ಸುಮ್ಮನಿದ್ದಿರಾ? ನಿಮ್ಮ ಅನುಭವವನ್ನು ದಯವಿಟ್ಟು ಬರೆದು ತಿಳಿಸಿ. ನಿಧಾನವಾಗಿಯಾದರೂ ಪ್ರತಿಯೊಂದನ್ನೂ ಓದುತ್ತೇನೆ.